ಗಣಕಯಂತ್ರದಲ್ಲಿ ಸರದಿ ಮತ್ತು ಸೌಜನ್ಯ

ಈ ಪತ್ರಿಕೆ ಮನೆಗೆ ಬಂದೊಡನೆ ತಾವು ಮೊದಲು ತೆರೆಯುವುದು ಯಾವ ಪುಟವನ್ನು? ಲೇಖನಗಳನ್ನಂತೂ ಅಲ್ಲ, ತಿಂಗಳ ಕಾರ್ಯಕ್ರಮಗಳ ಪಟ್ಟಿಯನ್ನು. ವಾರ್ತೆ ಎಷ್ಟು ಹೊತ್ತಿಗೆ, ರೈತರ ಕಾರ್ಯಕ್ರಮ ಯಾವಾಗ, ನಾಟಕ ಯಾವ ದಿನ ಎಂದು ಗುರುತು ಹಾಕಿಕೊಂಡ ಮೇಲೆಯೇ ಉಳಿದ ಪುಟಗಳ ಪಾಳಿ. ಇದರಲ್ಲಿ ತಪ್ಪೇನೂ ಇಲ್ಲ. ನಿಲಯಕ್ಕೆ ಇರುವುದು ಒಂದು ತರಂಗ; ಹಾಡುವವರು, ಮಾತನಾಡುವವರು, ನಾಟಕವಾಡುವವರು ಹಲವರು. ಎಲ್ಲರೂ ಒಂದೇ ಗಳಿಗೆಯಲ್ಲಿ ಬಾಯಿ ತೆರೆದರೆ ನಮಗೆ ಗದ್ದಲ ಕೇಳಿಸೀತೇ ಹೊರತು ಒಂದು ಮಾತೂ ದಕ್ಕಲಾರದು. ಆದುದರಿಂದ ಸರದಿ ಬೇಕು. ಸರದಿಯಲ್ಲಿಯೂ ಮುಂದು ಹಿಂದು ಎಂಬ ವಿವೇಕ ಬೇಕು. ವಾರ್ತೆಯ ಹೊತ್ತು ಬಂದಿತೆಂದರೆ ಎಂತಹ ಸೊಗಸಾದ ಸಂಗೀತವಾದರೂ ಜಾಗ ಬಿಟ್ಟುಕೊಡಬೇಕು.

ಗಣಕಯಂತ್ರದ ಒಡಲಿನೊಳಗೂ ಇಂತಹುದೇ ಒಂದು ಕಾರ್ಯಕ್ರಮಪಟ್ಟಿ ಕ್ಷಣಕ್ಷಣವೂ ಸಿದ್ಧವಾಗುತ್ತಿರುತ್ತದೆ. ಅದನ್ನು ಸಿದ್ಧಪಡಿಸುವವರು ಯಾರು, ಅದರಲ್ಲಿ ನಮ್ಮ ಮಾತು ಎಷ್ಟರಮಟ್ಟಿಗೆ ನಡೆಯುವುದು ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸುವೆನು. ಹಳಗನ್ನಡ ವ್ಯಾಕರಣ ಓದಿ ಪಂಡಿತ ಪರೀಕ್ಷೆ ಮುಗಿಸಿದ ಕನ್ನಡ ಉಪಾಧ್ಯಾಯನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣವುಂಟು. ನನ್ನ ಅಜ್ಞಾನದಿಂದ ಒಂದು ಮಗುವಿನ ವರ್ಷದ ಭವಿಷ್ಯ ಕೈತಪ್ಪುವುದರಲ್ಲಿತ್ತು.

ನಾನು ಬೀದರ ನಗರದ ಮೈಲೂರಿನಲ್ಲಿ ವಾಸವಾಗಿರುವವನು. ನಮ್ಮ ಶಾಲೆಯ ಕೊಠಡಿಯೊಂದರಲ್ಲಿ ಹಳೆಯ ಗಣಕಯಂತ್ರವೊಂದುಂಟು. ಅದರಲ್ಲಿ ಉಬುಂಟು ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲಿನಕ್ಸ್ ವ್ಯವಸ್ಥೆ ಇದೆ. ಶಾಲೆಯ ಹಳೆಯ ಅಚ್ಚಿನ ವಾರ್ಷಿಕ ಸಂಚಿಕೆಗಳು ಹುಳು ಹಿಡಿಯುತ್ತಿದ್ದುವು. ಅವುಗಳ ಪುಟಗಳ ಚಿತ್ರ ತೆಗೆದು, ಚಿತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಮಾಡಿಕೊಡುವ ಟೆಸರಾಕ್ಟ್ ಎಂಬ ತಂತ್ರಾಂಶವಿದೆ. ಒಂದು ದಿನ ಬೆಳಿಗ್ಗೆ ಆ ಕೆಲಸಕ್ಕೆ ಕೈಹಾಕಿದೆ. ಒಂದೊಂದೇ ಪುಟವಾದರೆ ತಡವಾದೀತೆಂಬ ಆತುರದಿಂದ ಎಂಟು ಪುಟಗಳನ್ನು ಒಟ್ಟಿಗೆ ಓದಲು ಹಚ್ಚಿ ಪಾಠಕ್ಕೆ ಹೋದೆ.

ಮಧ್ಯಾಹ್ನ ಔರಾದ ಕಡೆಯ ಹಳ್ಳಿಯೊಂದರಿಂದ ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಬಂದರು. ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕಡೆಯ ದಿನ. ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಬಂದಿದ್ದರು. ಕಾಗದಪತ್ರಗಳನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದರು. ಅದೇ ಯಂತ್ರದಲ್ಲಿ ಅರ್ಜಿಯ ಪುಟ ತೆರೆದೆವು. ಅಕ್ಷರ ಒತ್ತಿದರೆ ಎಷ್ಟೋ ಹೊತ್ತಿನ ಮೇಲೆ ಮೂಡುತ್ತಿತ್ತು. ಎರಡು ಸಲ ‘ವೇಳೆ ಮೀರಿತು’ ಎಂದು ಪುಟ ಮುಚ್ಚಿಕೊಂಡಿತು. ಆ ತಂದೆ ನನ್ನ ಮುಖ ನೋಡುವರು, ನಾನು ಗಡಿಯಾರ ನೋಡುವೆನು. ಕಡೆಗೆ ಗಾಬರಿಯಿಂದ ಪುಟ ಓದುವ ಕೆಲಸವನ್ನು ‘ಕಿಲ್’ ಎಂಬ ಆಜ್ಞೆ ಕೊಟ್ಟು ನಿಲ್ಲಿಸಿಬಿಟ್ಟೆ. ಅರ್ಜಿ ಹೋಯಿತು, ಆದರೆ ಬೆಳಗಿನಿಂದ ನಡೆದ ಕೆಲಸ ಮಣ್ಣುಪಾಲಾಯಿತು.

ರಜೆಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಈ ಕಥೆ ಹೇಳಿದೆ. ಅವನು ನಕ್ಕು, “ಕೊಲ್ಲೂದು ಬೇಕಾಗಿರಲಿಲ್ಲರಿ ಸರ್. ಪಂಗತಿನ್ಯಾಗ ಸ್ವಲ್ಪ ಹಿಂದಕ್ಕ ಕೂಡಿಸಿದ್ರ ಸಾಕಿತ್ತು” ಎಂದ. ಆ ಒಂದು ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ.

ಪಂಕ್ತಿಯ ಊಟವನ್ನು ತಾವೆಲ್ಲ ಉಂಡಿರುವಿರಷ್ಟೆ. ಬಡಿಸುವವನು ಒಬ್ಬ, ಎಲೆಗಳು ಹಲವು. ಒಬ್ಬನಿಗೇ ಹೊಟ್ಟೆ ತುಂಬುವವರೆಗೆ ಬಡಿಸಿ ಅನಂತರ ಮುಂದಿನವನ ಬಳಿಗೆ ಹೋದರೆ ಕೊನೆಯವನು ಸಂಜೆಯವರೆಗೆ ಕಾದಿರಬೇಕಾದೀತು. ಆದುದರಿಂದ ಅವನು ಒಬ್ಬನಿಗೆ ಒಂದು ಸೌಟು ಬಡಿಸಿ ಮುಂದೆ ನಡೆಯುವನು. ಸುತ್ತಿ ಬಂದು ಮತ್ತೆ ಬಡಿಸುವನು. ಗಣಕಯಂತ್ರದ ಸಂಸ್ಕಾರಕವೂ ಹಾಗೆಯೇ. ನಡೆಯುತ್ತಿರುವ ಪ್ರತಿಯೊಂದು ಕೆಲಸಕ್ಕೂ ‘ಪ್ರೊಸೆಸ್’ ಎಂದು ಹೆಸರು. ಸಂಸ್ಕಾರಕದ ಒಂದು ಕೋರು ಒಂದು ಗಳಿಗೆಯಲ್ಲಿ ಒಂದೇ ಪ್ರೊಸೆಸ್ಸನ್ನು ನಡೆಸಬಲ್ಲದು. ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಕಾಲ ಒಂದನ್ನು ನಡೆಸಿ, ನಿಲ್ಲಿಸಿ, ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಈ ತಿರುಗಾಟ ಅಷ್ಟು ಬೇಗ ನಡೆಯುವುದರಿಂದ ಎಲ್ಲವೂ ಏಕಕಾಲದಲ್ಲಿ ಸಾಗಿದಂತೆ ನಮಗೆ ಭ್ರಮೆಯಾಗುತ್ತದೆ. ಎರಡು ಕೋರುಗಳಿದ್ದರೆ ಬಡಿಸುವವರು ಇಬ್ಬರು, ನಾಲ್ಕಿದ್ದರೆ ನಾಲ್ವರು. ಯಾರ ಎಲೆಗೆ ಈಗ ಬಡಿಸಬೇಕೆಂದು ತೀರ್ಮಾನಿಸುವ ಯಜಮಾನನೇ ‘ಷೆಡ್ಯೂಲರ್’. ಸರದಿಗಾರ ಎಂದು ಕರೆಯೋಣ.

ಈ ವ್ಯವಸ್ಥೆಗೆ ಒಂದು ವಂಶಾವಳಿಯುಂಟು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅಂದಿನ ಯಂತ್ರಗಳು ಬಹು ದುಬಾರಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿತ್ತು. ಒಬ್ಬನು ದೊಡ್ಡ ಲೆಕ್ಕ ಹಚ್ಚಿ ಕುಳಿತರೆ ಉಳಿದವರ ಕೆಲಸ ಕುಂಟುತ್ತಿತ್ತು. ಅವಸರವಿಲ್ಲದವನು ತಾನಾಗಿ ಹಿಂದೆ ಸರಿಯಲೆಂದು ಒಂದು ಆಜ್ಞೆಯನ್ನು ಇಟ್ಟರು. ಅದರ ಹೆಸರು ‘ನೈಸ್’. ಇಂಗ್ಲಿಷಿನಲ್ಲಿ ಆ ಪದಕ್ಕೆ ಒಳ್ಳೆಯವನು, ನಯವಂತ ಎಂಬ ಅರ್ಥವಿರುವುದು ತಮಗೆ ಗೊತ್ತೇ ಇದೆ. ಮುಂದೆ ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಯುನಿಕ್ಸಿನ ಜಾಡಿನಲ್ಲಿಯೇ ಲಿನಕ್ಸನ್ನು ಆರಂಭಿಸಿದಾಗ ಈ ಸೌಜನ್ಯವೂ ಅದರೊಡನೆ ಬಂದಿತು. ಇಂದು ತಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ೨೦೨೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಎಂಬ ಮಹಾಗಣಕದಲ್ಲಿಯೂ ಇರುವುದು ಲಿನಕ್ಸೇ.

ಇನ್ನು ಸೌಜನ್ಯದ ಅಂಕೆಯ ವಿಚಾರ. ಪ್ರತಿಯೊಂದು ಪ್ರೊಸೆಸ್ಸಿಗೂ ಒಂದು ನೈಸ್ ಅಂಕೆಯಿರುತ್ತದೆ. ಲಿನಕ್ಸಿನಲ್ಲಿ ಅದು ಋಣ ೨೦ರಿಂದ ಧನ ೧೯ರವರೆಗೆ ಇರಬಹುದು. ನಾವು ಏನನ್ನೂ ಹೇಳದಿದ್ದರೆ ಅದು ಸೊನ್ನೆ. ಇಲ್ಲಿ ಹೊಸಬರು ಎಡವುವುದುಂಟು, ನಾನೂ ಎಡವಿದೆ. ಪರೀಕ್ಷೆಯ ಅಂಕದಂತೆ ದೊಡ್ಡ ಅಂಕೆ ಬಂದರೆ ದೊಡ್ಡ ಸ್ಥಾನವೆಂದು ಭಾವಿಸಿದ್ದೆ. ಹಾಗಲ್ಲ. ಇದು ಸೌಜನ್ಯದ ಅಂಕೆ. ಅಂಕೆ ಹೆಚ್ಚಿದಂತೆ ಪ್ರೊಸೆಸ್ಸು ಹೆಚ್ಚು ಹಿಂದೆ ಸರಿಯುತ್ತದೆ. ೧೯ ಎಂದರೆ “ಎಲ್ಲರದೂ ಆಗಲಿ, ಉಳಿದರೆ ನನಗೆ ಕೊಡಿ” ಎನ್ನುವ ಸಾಧು. ಋಣ ೨೦ ಎಂದರೆ ಎಲೆ ಹಾಕುವುದಕ್ಕೆ ಮೊದಲೇ ಬಂದು ಕುಳಿತವನು.

ಸರದಿಗಾರನು ಈ ಅಂಕೆಯನ್ನು ಲೆಕ್ಕಕ್ಕೆ ಹಿಡಿಯುವ ಬಗೆ ಬಹು ಸ್ವಾರಸ್ಯವಾಗಿದೆ. ೨೦೦೭ರಲ್ಲಿ ಇಂಗೋ ಮೊಲ್ನಾರ್ ಎಂಬವರು ಬರೆದ ಹೊಸ ಸರದಿಗಾರನನ್ನು ಲಿನಕ್ಸ್ ಒಪ್ಪಿಕೊಂಡಿತು. ನ್ಯಾಯವಾದ ಹಂಚಿಕೆಯೇ ಸಾಕೆಂದು ಅದಕ್ಕೆ ಮೊದಲೇ ಮಾಡಿ ತೋರಿಸಿದವರಲ್ಲಿ ಕಾನ್ ಕೊಲಿವಾಸ್ ಎಂಬ ಆಸ್ಟ್ರೇಲಿಯದ ವೈದ್ಯರೊಬ್ಬರು ಮುಖ್ಯರು. ವೃತ್ತಿಯಲ್ಲಿ ಅವರು ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ತಜ್ಞರು. ತನ್ನದಲ್ಲದ ವಿದ್ಯೆಗೆ ಕೈಹಾಕಿದವನು ನಾನೊಬ್ಬನೇ ಅಲ್ಲವೆಂದು ಸಮಾಧಾನಪಟ್ಟುಕೊಂಡಿದ್ದೇನೆ. ಈ ಸರದಿಗಾರನ ಬಳಿ ಒಂದು ಖಾತೆ ಪುಸ್ತಕವಿರುತ್ತದೆ. ಯಾರು ಎಷ್ಟು ತುತ್ತು ಉಂಡರೆಂದು ಅದರಲ್ಲಿ ಬರೆಯುವನು. ಮುಂದಿನ ಸೌಟು ಯಾರಿಗೆಂದರೆ, ಖಾತೆಯಲ್ಲಿ ಎಲ್ಲರಿಗಿಂತ ಕಡಿಮೆ ಉಂಡವನಿಗೆ. ಎಲ್ಲರ ಅಂಕೆಯೂ ಸೊನ್ನೆಯಾಗಿದ್ದರೆ ಎಲ್ಲರಿಗೂ ಸಮಪಾಲು. ಅಂಕೆ ೧೦ ಇರುವವನು ಒಂದು ತುತ್ತು ಉಂಡರೆ ಖಾತೆಯಲ್ಲಿ ಸುಮಾರು ಒಂಬತ್ತು ತುತ್ತು ಉಂಡನೆಂದು ಬರೆಯುವನು! ಅಂಕೆ ೧೯ ಇರುವವನ ಒಂದು ತುತ್ತಿಗೆ ಸುಮಾರು ೬೮ ತುತ್ತಿನ ಲೆಕ್ಕ. ಆದುದರಿಂದ ಅವನ ಪಾಳಿ ತಡವಾಗಿ ಬರುವುದು. ಬರುವುದೇ ಇಲ್ಲವೆಂದಲ್ಲ, ತಡವಾಗಿ ಬರುವುದು. ೨೦೨೩ರಿಂದ ಲಿನಕ್ಸಿನಲ್ಲಿ ಸರದಿಗಾರನ ಕ್ರಮ ಇನ್ನಷ್ಟು ಬದಲಾಗಿದೆ. ಆದರೂ ಅಂಕೆಗೆ ತಕ್ಕ ಪಾಲು ಎಂಬ ಈ ಮೂಲತತ್ತ್ವ ಹಾಗೆಯೇ ಉಳಿದಿದೆ.

ಪಾಲಿನ ಲೆಕ್ಕವನ್ನು ಸ್ಪಷ್ಟವಾಗಿ ನೋಡೋಣ. ಒಂದು ಕೋರಿನ ಮೇಲೆ ಬಿಡುವಿಲ್ಲದ ಎರಡು ಪ್ರೊಸೆಸ್ಸುಗಳು ಇವೆಯೆನ್ನಿ. ಎರಡರ ಅಂಕೆಯೂ ಸೊನ್ನೆಯಾದರೆ ಅರ್ಧಕ್ಕರ್ಧ. ಒಂದರದು ೫ ಆದರೆ ನೂರರಲ್ಲಿ ೭೫ ಪಾಲು ಸೊನ್ನೆಯದಕ್ಕೆ, ೨೫ ಇನ್ನೊಂದಕ್ಕೆ. ೧೦ ಆದರೆ ೯೦ ಮತ್ತು ೧೦. ೧೯ ಆದರೆ ಅದಕ್ಕೆ ದಕ್ಕುವುದು ಒಂದೂವರೆ ಪಾಲಿನಷ್ಟು ಮಾತ್ರ. ಇಲ್ಲಿ ಎರಡು ಸಂಗತಿಗಳನ್ನು ಮರೆಯಕೂಡದು. ಮೊದಲನೆಯದು, ಮುಖ್ಯವಾದುದು ಅಂಕೆಗಳ ನಡುವಿನ ಅಂತರ. ಇಬ್ಬರೂ ೧೦ ಎಂದು ಹಿಂದೆ ಸರಿದು ಕುಳಿತರೆ ಮತ್ತೆ ಅರ್ಧಕ್ಕರ್ಧವೇ. ಎರಡನೆಯದು, ಪಂಕ್ತಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ೧೯ರವನಿಗೂ ಪೂರ್ಣ ಊಟ ಸಿಗುವುದು. ಸೌಜನ್ಯವೆಂದರೆ ಉಪವಾಸವಲ್ಲ, ಇತರರು ಬಂದಾಗ ಜಾಗ ಬಿಡುವುದು.

ಈಗ ನನ್ನ ತಪ್ಪಿನ ಲೆಕ್ಕವನ್ನು ತಾವೇ ಮಾಡಬಲ್ಲಿರಿ. ನಾನು ಹಚ್ಚಿದ್ದು ಎಂಟು ಪುಟಗಳನ್ನು. ಅರ್ಜಿಯ ಪುಟ ಒಂಬತ್ತನೆಯದಾಗಿ ಬಂದು ಕುಳಿತಿತು. ಎಲ್ಲಕ್ಕೂ ಸೊನ್ನೆಯೇ ಅಂಕೆ. ಸರದಿಗಾರನ ಕಣ್ಣಿಗೆ ಹಳೆಯ ಸಂಚಿಕೆಯೂ ಒಂದೇ, ಆ ಹುಡುಗಿಯ ಅರ್ಜಿಯೂ ಒಂದೇ. ಒಂಬತ್ತರಲ್ಲಿ ಒಂದು ಪಾಲು ಅವಳಿಗೆ. ಉಳಿದ ಎಂಟು ಪಾಲು ನಾಳೆ ಓದಿದರೂ ನಡೆಯುವ ಹಾಳೆಗಳಿಗೆ! ಆ ಎಂಟಕ್ಕೂ ೧೯ರ ಅಂಕೆ ಕೊಟ್ಟಿದ್ದರೆ ಒಂದು ಕೋರಿನ ಮೇಲೆಯೇ ನೂರರಲ್ಲಿ ಸುಮಾರು ೮೯ ಪಾಲು ಅರ್ಜಿಗೆ ದೊರೆಯುತ್ತಿತ್ತು. ಸರದಿಗಾರನದು ಪಕ್ಷಪಾತವಲ್ಲ. ಯಾವುದು ಅವಸರದ್ದೆಂದು ಅವನಿಗೆ ತಿಳಿಯದು, ತಿಳಿಸಬೇಕಾದವನು ನಾನು. ನಾನು ತಿಳಿಸಿರಲಿಲ್ಲ.

ತಿಳಿಸುವ ಬಗೆ ಸುಲಭವಾಗಿದೆ. ಟರ್ಮಿನಲ್ ಎಂಬ ಕಿಟಕಿಯಲ್ಲಿ, ಆರಂಭಿಸಬೇಕಾದ ಕೆಲಸದ ಹೆಸರಿಗೆ ಮೊದಲು ‘ನೈಸ್’ ಎಂದು ಸೇರಿಸಿದರೆ ಅದರ ಅಂಕೆ ೧೦ ಆಗುವುದು. ಬೇರೆ ಅಂಕೆ ಬೇಕಾದರೆ ನೈಸ್ ಪದದ ಮುಂದೆ ಅಡ್ಡಗೆರೆ, ಎನ್ ಅಕ್ಷರ, ಅನಂತರ ಅಂಕೆ ಬರೆಯಬೇಕು. ಆಗಲೇ ನಡೆಯುತ್ತಿರುವ ಕೆಲಸಕ್ಕೆ ‘ರಿನೈಸ್’ ಎಂಬ ಇನ್ನೊಂದು ಆಜ್ಞೆಯುಂಟು. ಪ್ರತಿ ಪ್ರೊಸೆಸ್ಸಿಗೂ ಇರುವ ಗುರುತಿನ ಸಂಖ್ಯೆಯನ್ನು ಅದಕ್ಕೆ ಹೇಳಬೇಕು. ಆ ಸಂಖ್ಯೆಯನ್ನು ತೋರಿಸುವುದು ‘ಟಾಪ್’ ಎಂಬ ಆಜ್ಞೆ. ಅದನ್ನು ಕೊಟ್ಟರೆ ಯಾರು ಎಷ್ಟು ಉಣ್ಣುತ್ತಿದ್ದಾರೆಂಬ ಪಟ್ಟಿ ಕಣ್ಣೆದುರಿಗೆ ಬರುತ್ತದೆ. ಅದರಲ್ಲಿ ಎನ್, ಐ ಎಂಬ ಎರಡಕ್ಷರದ ಕೆಳಗೆ ಇರುವುದೇ ಸೌಜನ್ಯದ ಅಂಕೆ. ಪಟ್ಟಿಯ ಮುಂದೆ ಕುಳಿತೇ ಆರ್ ಅಕ್ಷರ ಒತ್ತಿ ಅಂಕೆಯನ್ನು ಬದಲಾಯಿಸಲೂಬಹುದು. ಆ ಮಧ್ಯಾಹ್ನ ನನಗೆ ಇದಿಷ್ಟು ಗೊತ್ತಿದ್ದರೆ ಸಾಕಾಗುತ್ತಿತ್ತು.

ಇದರಲ್ಲಿ ಒಂದು ಧರ್ಮಸೂಕ್ಷ್ಮವೂ ಅಡಗಿದೆ. ಸಾಮಾನ್ಯ ಬಳಕೆದಾರನು ತನ್ನ ಕೆಲಸದ ಅಂಕೆಯನ್ನು ಏರಿಸಬಹುದು, ಅಂದರೆ ಹಿಂದೆ ಸರಿಯಬಹುದು. ಇಳಿಸಿ ಮುಂದೆ ನುಗ್ಗಲು ಅವನಿಗೆ ಅಧಿಕಾರವಿಲ್ಲ. ಒಮ್ಮೆ ಹಿಂದೆ ಸರಿದವನು ಮನಸ್ಸು ಬದಲಾಯಿಸಿ ಹಳೆಯ ಜಾಗಕ್ಕೆ ಬರುವುದಕ್ಕೂ ಸಾಧಾರಣವಾಗಿ ಆಗದು; ಕೊಟ್ಟ ದಾನವನ್ನು ಹಿಂದಕ್ಕೆ ಕೇಳಕೂಡದೆಂಬ ನ್ಯಾಯ. ಋಣದ ಅಂಕೆಗಳನ್ನು ಕೊಡುವ ಅಧಿಕಾರ ‘ರೂಟ್’ ಎಂಬ ಯಜಮಾನನಿಗೆ ಮಾತ್ರ. ಎಲ್ಲರಿಗೂ ಆ ಅಧಿಕಾರವಿದ್ದರೆ ಎಲ್ಲರೂ ಋಣ ೨೦ ಎಂದು ಬರೆದುಕೊಂಡು ಮತ್ತೆ ಸಮಪಾಲಿಗೇ ಬಂದು ನಿಲ್ಲುತ್ತಿದ್ದರು. ಎಲ್ಲರೂ ಮುಂದಿನ ಸಾಲಿನಲ್ಲಿ ಕೂಡಬೇಕೆಂದರೆ ಹಿಂದಿನ ಸಾಲೆಂಬುದೇ ಇರದಷ್ಟೆ.

ನೈಸ್ ಎಂಬುದು ಸಕಲರೋಗಕ್ಕೂ ಮದ್ದಲ್ಲ. ಅದು ಹಂಚುವುದು ಸಂಸ್ಕಾರಕದ ಕಾಲವನ್ನು ಮಾತ್ರ. ಯಂತ್ರದ ನೆನಪಿನ ಜಾಗ ತುಂಬಿಹೋಗಿ ಅದು ಡಿಸ್ಕಿಗೂ ನೆನಪಿಗೂ ಸಾಮಾನು ಸಾಗಿಸುತ್ತ ತಿಣುಕುತ್ತಿದ್ದರೆ ನೈಸಿನಿಂದ ಹೆಚ್ಚು ಫಲವಿಲ್ಲ. ಕೆಲಸಗಳನ್ನೇ ಕಡಿಮೆ ಮಾಡಬೇಕು. ಡಿಸ್ಕಿನಿಂದ ಓದಿ ಬರೆಯುವ ಸರದಿಗೆ ‘ಅಯೋನೈಸ್’ ಎಂಬ ಬೇರೊಂದು ಆಜ್ಞೆಯುಂಟು. ಮತ್ತೊಂದು ಮಾತು. ೨೦೧೧ರಿಂದೀಚೆಗಿನ ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಟರ್ಮಿನಲಿನ ಕೆಲಸಗಳನ್ನೆಲ್ಲ ಒಂದು ಮನೆಯವರಂತೆ ಎಣಿಸಿ, ಮನೆಗೊಂದು ಪಾಲು ಹಾಕುವ ಏರ್ಪಾಟು ಇರುತ್ತದೆ. ಆಗ ಒಂದು ಮನೆಯೊಳಗಿನ ಸೌಜನ್ಯ ಆ ಮನೆಯವರ ನಡುವೆ ನಡೆಯುವುದೇ ಹೊರತು ಪಕ್ಕದ ಮನೆಯವರ ಲೆಕ್ಕಕ್ಕೆ ಬಾರದು. ನೈಸ್ ಕೊಟ್ಟರೂ ಗುಣ ಕಾಣಲಿಲ್ಲವೆಂದು ಬೇಸರಪಡುವವರು ಇದನ್ನು ನೆನೆಯಬೇಕು.

ಆದ್ಯತೆಯಲ್ಲಿ ಇನ್ನೊಂದು ಜಾತಿಯುಂಟು. ಅದು ರೇಡಿಯೋ ಕೇಳುವ ತಮಗೆ ಬೇಗ ಅರ್ಥವಾದೀತು. ಗಣಕದಲ್ಲಿ ಹಾಡು ನುಡಿಯುತ್ತಿದ್ದರೆ ಧ್ವನಿಯ ತುಣುಕುಗಳು ಹೊತ್ತುಹೊತ್ತಿಗೆ ಸರಿಯಾಗಿ ಧ್ವನಿವರ್ಧಕವನ್ನು ಮುಟ್ಟಬೇಕು. ತುಸು ತಡವಾದರೂ ಗರಗರ ಶಬ್ದ ಬಂದು ರಾಗ ಮುರಿಯುವುದು. ಇಂತಹವಕ್ಕೆ ‘ರಿಯಲ್ ಟೈಮ್’ ಎಂಬ ಪ್ರತ್ಯೇಕ ಶ್ರೇಣಿಯಿದೆ. ಅದರಲ್ಲಿ ೧ರಿಂದ ೯೯ರವರೆಗೆ ಅಂಕೆ. ಇಲ್ಲಿ ಮಾತ್ರ ದೊಡ್ಡ ಅಂಕೆಯವನೇ ದೊಡ್ಡವನು. ಇವರು ಎದ್ದು ನಿಂತರೆ ನೈಸ್ ಅಂಕೆಯ ಸಾಮಾನ್ಯರೆಲ್ಲ ಕೈಬಿಡುವರು. ಸಂಗೀತವನ್ನು ನಿಲ್ಲಿಸಿ ವಾರ್ತೆ ಬರುವುದಿಲ್ಲವೆ, ಹಾಗೆ. ಈ ಅಧಿಕಾರ ಅಪಾತ್ರರ ಕೈಗೆ ಬಿದ್ದರೆ ಯಂತ್ರವೇ ಸ್ತಬ್ಧವಾದೀತು. ಆದುದರಿಂದಲೇ ಸಾಮಾನ್ಯರಿಗೂ ಒಂದಿಷ್ಟು ಕಾಲ ಉಳಿಯುವಂತೆ ಲಿನಕ್ಸ್ ಒಂದು ಕಡಿವಾಣವನ್ನು ಇಟ್ಟುಕೊಂಡಿದೆ.

ಆದ್ಯತೆಯನ್ನು ಕೊಟ್ಟ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಗದು ಎಂಬುದಕ್ಕೆ ಆಕಾಶದಿಂದಲೇ ಒಂದು ನಿದರ್ಶನವಿದೆ. ೧೯೯೭ರ ಜುಲೈ ೪ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳಗ್ರಹದ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿ ಅದರ ಗಣಕ ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗತೊಡಗಿತು. ಅದರಲ್ಲಿದ್ದುದು ಲಿನಕ್ಸಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಬೇರೊಂದು ವ್ಯವಸ್ಥೆ. ಆದರೆ ರೋಗ ಎಲ್ಲ ಸರದಿಗಾರರಿಗೂ ಬರಬಹುದಾದದ್ದು. ಹವಾಮಾನದ ವಿವರ ಕೂಡಿಸುವ ಕಿರಿಯ ಕೆಲಸವೊಂದು, ಎಲ್ಲರೂ ಸರದಿಯ ಮೇಲೆ ಬಳಸುವ ಒಂದು ಸಾಧನವನ್ನು ಹಿಡಿದುಕೊಂಡಿತ್ತು. ಅತಿ ಹಿರಿಯ ಕೆಲಸವೊಂದಕ್ಕೆ ಅದೇ ಸಾಧನ ಬೇಕಾಗಿ ಕಾಯುತ್ತ ನಿಂತಿತು. ಅಷ್ಟರಲ್ಲಿ ನಡುವಣ ದರ್ಜೆಯ ಕೆಲಸಗಳು ಬಂದು ಕಿರಿಯನನ್ನು ಹಿಂದಕ್ಕೆ ತಳ್ಳಿದುವು. ಕಿರಿಯನ ಕೆಲಸ ಮುಗಿಯದು, ಸಾಧನ ಬಿಡುಗಡೆಯಾಗದು, ಹಿರಿಯನು ಕದಲಲಾರನು! ಹಿರಿಯನ ಕೆಲಸ ಹೊತ್ತಿಗೆ ಆಗಲಿಲ್ಲವೆಂದು ಕಂಡ ಕಾವಲುಗಾರ ಇಡೀ ಗಣಕವನ್ನೇ ಮರಳಿ ಆರಂಭಿಸುತ್ತಿತ್ತು. ಪರಿಹಾರವೇನೆಂದರೆ, ಹಿರಿಯನು ಕಾಯುತ್ತಿರುವಷ್ಟು ಹೊತ್ತು ಕಿರಿಯನಿಗೂ ಹಿರಿಯನ ದರ್ಜೆಯನ್ನೇ ಕೊಡುವುದು. ಇದರ ಶಾಸ್ತ್ರವನ್ನು ೧೯೯೦ರಲ್ಲಿ ವಿವರಿಸಿ ಬರೆದ ಮೂವರಲ್ಲಿ ರಾಗುನಾಥನ್ ರಾಜ್‌ಕುಮಾರ್ ಒಬ್ಬರು. ವಿಜ್ಞಾನಿಗಳು ಭೂಮಿಯಿಂದಲೇ ಆ ಬದಲಾವಣೆಯನ್ನು ಕಳುಹಿಸಿ ನೌಕೆಯನ್ನು ಸರಿಪಡಿಸಿದರು. ಕೈಕೆಳಗಿನವನ ಕೈಯಲ್ಲಿ ಕೀಲಿಕೈ ಇದ್ದಾಗ ಅವನನ್ನು ತಳ್ಳಿದರೆ ಬಾಗಿಲ ಹೊರಗೆ ನಿಲ್ಲುವವನು ಮೇಲಧಿಕಾರಿಯೇ.

ಮಾತು ದೂರ ಹೋಯಿತು, ಮೈಲೂರಿಗೆ ಮರಳೋಣ. ಈಗ ನಮ್ಮ ಶಾಲೆಯ ಯಂತ್ರದಲ್ಲಿ ಹಳೆಯ ಸಂಚಿಕೆಗಳ ಕೆಲಸ ೧೯ರ ಅಂಕೆ ಹೊತ್ತು ನಡೆಯುತ್ತದೆ. ಎಂಟು ಪುಟಗಳ ಬದಲು ಎರಡೆರಡೇ ಪುಟ. ಮಕ್ಕಳು ಅರ್ಜಿ ತುಂಬುವಾಗ ಅದು ಬಹುಮಟ್ಟಿಗೆ ಮೂಲೆ ಸೇರುತ್ತದೆ. ಶಾಲೆ ಬಿಟ್ಟ ಮೇಲೆ ಕೊಠಡಿ ಖಾಲಿಯಾದಾಗ ಅದೇ ಕೆಲಸ ಇಡೀ ಯಂತ್ರವನ್ನು ತನ್ನದಾಗಿಸಿಕೊಂಡು ಸಾಗುತ್ತದೆ. ಯಂತ್ರ ಹೊಸದಾಗಲಿಲ್ಲ, ಅದರ ಬಲ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಯಾವುದು ಇಂದೇ ಆಗಬೇಕು, ಯಾವುದು ನಾಳೆಯಾದರೂ ಆದೀತು ಎಂದು ಅದಕ್ಕೆ ಹೇಳಿದೆವು, ಅಷ್ಟೆ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ವಿಸ್ತರಿಸಿ ಬರೆಸುತ್ತಿದ್ದೇನೆ. ತಾಳಬೇಕಾದವನು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಎಂದೂ ಕೇಳಿರಲಿಲ್ಲ. ಬಸ್ಸಿಗೆ ತಡವಾಗುವುದೆಂದು ಟವೆಲ್ ಹಿಡಿದು ನಿಂತಿದ್ದ ಆ ತಂದೆಯೆ, ಹುಳು ತಿಂದರೂ ಇನ್ನೊಂದು ರಾತ್ರಿ ಕಾಯಬಲ್ಲ ನನ್ನ ಹಾಳೆಗಳೆ? ಉತ್ತರ ಯಂತ್ರಕ್ಕೆ ತಿಳಿಯದು. ಅದನ್ನು ನಾವು ಹೇಳಿಕೊಡಬೇಕು.